ಬಿಸಿಲಿದ್ದಷ್ಟು ಹೊತ್ತು ನೀರು

ಖಾನಾಪುರದಲ್ಲಿ ಬಾಡಿಗೆ ಮನೆ ಕೇಳಲು ಹೋದ ದಿನ, ನನ್ನ ತಂದೆಯ ವಯಸ್ಸಿನ ಯಜಮಾನರೊಬ್ಬರು ನನ್ನ ಹೆಸರು ಕೇಳಿದರು. ‘ಮುನಿಸ್ವಾಮಿ’ ಎಂದೆ. ಅವರು ತಕ್ಷಣ ಹೆಗಲ ಮೇಲಿನ ವಸ್ತ್ರವನ್ನು ಕೈಗೆ ತೆಗೆದುಕೊಂಡರು, ಬಗ್ಗಿದರು, ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ರೈಲಿನ ಧೂಳು ಮೆತ್ತಿದ್ದ ಪಾದಗಳು. ನಾನು ಗಾಬರಿಯಿಂದ ಹಿಂದಕ್ಕೆ ಹಾರಿದೆ.

“ಬರ್ರಿ ಸ್ವಾಮ್ಯಾರ, ಒಳಗ ಬರ್ರಿ. ಕುಂದರ್ರಿ. ಯಾವ ಮಠದವ್ರು ನೀವು?” ಎಂದರು.

ಕೋಲಾರದ ಕಡೆ ಮುನಿಸ್ವಾಮಿ ಎಂದು ಬೀದಿಯಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಬೆಳಗಾವಿಯ ಕಡೆ ‘ಸ್ವಾಮಿ’ ಎಂದರೆ ಬಸವಣ್ಣನ ದಾರಿಯವರ ಮನೆಗಳಲ್ಲಿ ಪೂಜೆ ಮಾಡಿಸುವ ಗುರುಮನೆತನದವರು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಠ ಯಾವುದೆಂದು ಕೇಳಿದಾಗ ಹೊಳೆಯಿತು. ಬೆಳಗಾವಿಯಲ್ಲಿ ಕೋಟೆಯ ಹತ್ತಿರ ಒಂದು ಕತ್ತಲೆ ಕೋಣೆಯಲ್ಲಿ ಹೊಸದಾಗಿ ಮದುವೆಯಾದ ರತ್ನಳೊಡನೆ ಮೂರು ತಿಂಗಳು ಕಳೆದಿದ್ದೆ. ಎಷ್ಟೋ ಬಾಗಿಲುಗಳಲ್ಲಿ ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರಿಸಿ, ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಜಾತಿ ಹೇಳಿ ಹಿಂದಿರುಗಿದ್ದೆ. ಇಲ್ಲಿ ಸುಮ್ಮನೆ ತಲೆಯಾಡಿಸಿದ್ದರೆ ಮನೆ ಸಿಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ರತ್ನ ನನ್ನ ಅಂಗಿಯ ತುದಿ ಎಳೆದಳು. ನಿಜ ಹೇಳಿ ಎಂದೋ, ಸುಮ್ಮನಿರಿ ಎಂದೋ ಇಂದಿಗೂ ಕೇಳಿಲ್ಲ. ನಾನು ನಮ್ಮ ಜಾತಿ ಯಾವುದು, ಅಪ್ಪ ಏನು ಕೆಲಸ ಮಾಡುತ್ತಾರೆ, ಎಲ್ಲ ಹೇಳಿದೆ.

ಯಜಮಾನರ ಹೆಸರು ಶಿವಪುತ್ರಪ್ಪ. ಬೆಲ್ಲದ ವ್ಯಾಪಾರಿ. ಅವರು ಹಿತ್ತಲಿನ ಮಾವಿನ ಮರದ ಕಡೆ ನೋಡಿದರು. ಆಮೇಲೆ ಜೇಬಿನಿಂದ ಕೀಲಿಕೈ ತೆಗೆದರು. “ಹೋಗ್ಲಿ ತಗೋರಿ. ಮನಿ ಕೊಡೂದು ಮನಶ್ಯಾಗ, ಹೆಸರಿಗಲ್ಲ. ಆದ್ರ ಒಂದ ಮಾತು. ಈ ಗಿಡದ ಒಂದ ಟೊಂಗಿನೂ ಕಡೀಬ್ಯಾಡ್ರಿ. ನಮ್ಮವ್ವ ಹಚ್ಚಿದ್ದು” ಎಂದರು. ಮರಕ್ಕೆ ಅಲ್ಲಿ ‘ಗಿಡ’ ಎನ್ನುತ್ತಾರೆ. ಊರಿನವರ ಬಾಯಲ್ಲಿ ನನ್ನ ಹೆಸರು ಮಾತ್ರ ಕೊನೆಯವರೆಗೂ ‘ಸ್ವಾಮ್ಯಾರು’ ಎಂದೇ ಉಳಿಯಿತು.

ಎಂಬತ್ತರ ದಶಕದ ಆರಂಭದ ಮಾತು ಇದು. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ಖಾನಾಪುರದಿಂದ ಬೆಳಿಗ್ಗೆ ರೈಲು, ಸಂಜೆ ರೈಲು. ಹುಟ್ಟಿ ಬೆಳೆದದ್ದು ಚಿನ್ನದ ಗಣಿಯ ಊರಿನಲ್ಲಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಅಪ್ಪ ಗಣಿಯೊಳಗೆ ನೀರೆತ್ತುವ ಪಂಪಿನ ಕಾವಲುಗಾರ. ‘ನೀರಿಗೆ ರಜೆ ಇಲ್ಲ’ ಎನ್ನುತ್ತಿದ್ದರು. ನನ್ನನ್ನು ಮಾತ್ರ ಭೂಮಿಯೊಳಕ್ಕೆ ಇಳಿಯಲು ಬಿಡಲಿಲ್ಲ, ಫಿಟ್ಟರ್ ಕೆಲಸ ಕಲಿಸಿದರು. ಅದರಿಂದ ನನಗೆ ಬೇಸರವಾಯಿತು ಎಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ಒಂದು ಸಲ ಅಪ್ಪನ ಜೊತೆ ಗಣಿಯ ಬಾಯಿಯವರೆಗೆ ಹೋಗಿ, ಜನರನ್ನು ತುಂಬಿಕೊಂಡ ಲಿಫ್ಟಿನ ಪಂಜರ ಕತ್ತಲೆಗೆ ಬೀಳುವುದನ್ನು ಕಂಡು, ಹೊಟ್ಟೆಯೊಳಗಿನದನ್ನೆಲ್ಲ ಕಾರಿಕೊಂಡಿದ್ದೆ. ಆರುನೂರು ಕಿಲೋಮೀಟರ್ ದೂರ ಬಂದದ್ದರಲ್ಲಿ ಆ ಬಾಯಿಯಿಂದ ದೂರವಾಗುವ ಆಸೆಯೂ ಇತ್ತು.

ಗಣಿಗೆ ಬಿಡುವಿಲ್ಲದೆ ಕರೆಂಟ್ ಬೇಕು. ಹಾಗಾಗಿ ನಮ್ಮೂರಿನ ಬೀದಿ ದೀಪ ಆರಿದ್ದನ್ನು ಕಂಡ ನೆನಪು ನನಗಿಲ್ಲ. ಖಾನಾಪುರದಲ್ಲಿ ಕರೆಂಟ್ ಹೋದರೆ ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ‘ಲೈಟ್ ಹೋತು’ ಎನ್ನುವುದು ‘ಸಂಜೆಯಾಯಿತು’ ಎನ್ನುವಷ್ಟು ಸಹಜ. ಮೊದಲ ವಾರ ಶಿವಪುತ್ರಪ್ಪನವರನ್ನು ಕೇಳಿದ್ದೆ, “ಯಾವಾಗ ಬರುತ್ತೆ ಸಾರ್?”

“ಬಂದಾಗ ಬರ್ತೈತ್ರಿ.”

ಮಾತು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ನಾನು ರಿಪೇರಿ ಮಾಡಿಕೊಟ್ಟ ಪಂಪನ್ನು ನೋಡಿ ಯಾರಾದರೂ ‘ಅಡ್ಡಿ ಇಲ್ಲ’ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದೆ. ಅದು ಅಲ್ಲಿಯ ಹೊಗಳಿಕೆ ಎಂದು ಹೇಳಿಕೊಟ್ಟವನು ಇಮಾಮಸಾಬ. ಬಾವಿ ತೋಡುವ, ಕಲ್ಲು ಕಟ್ಟುವ ಮನುಷ್ಯ. ನನ್ನದೇ ವಯಸ್ಸು. ಅವನ ಮನೆಮಾತು ದಖನಿ ಉರ್ದು, ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಮೂರು ಮಾತು ಹೊತ್ತುಕೊಂಡು ತಿರುಗುವ ಕಷ್ಟ ಅವನಿಗೆ ಗೊತ್ತಿತ್ತು.

ಊಟದ ಕಷ್ಟ ಬೇರೆ. ರತ್ನ ರಾಗಿ ಇಲ್ಲದೆ ಕಂಗಾಲಾಗಿದ್ದಳು. ಅಂಗಡಿಗಳಲ್ಲಿ ‘ರಾಗಿ’ ಎಂದರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಜೋಳದ ರೊಟ್ಟಿ ತಟ್ಟಲು ಅವಳಿಗೆ ಬಾರದು. ಒಂದು ದಿನ ಇಮಾಮಸಾಬ ನಮ್ಮನ್ನು ನಂದಗಡದ ಸಂತೆಗೆ ಕರೆದುಕೊಂಡು ಹೋದ. ಒಂದು ಮೂಲೆಯಲ್ಲಿ ಕಾಡಿನಂಚಿನ ಹಳ್ಳಿಯ ಹೆಂಗಸು ಚೀಲ ಬಿಚ್ಚಿ ಕೂತಿದ್ದಳು. ಚೀಲದ ತುಂಬ ಕೆಂಪಗೆ ರಾಗಿ. “ಇದಕ್ಕ ಇಲ್ಲೆ ನಾಚಣಿ ಅಂತಾರ್ರಿ ಅಕ್ಕಾರ” ಎಂದ ಅವನು. ರತ್ನ ಆ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ನಿಂತೇ ಇದ್ದಳು. ಹಿಟ್ಟು ಬೀಸಿಸಿದ ದಿನ ಪಕ್ಕದ ಮನೆಯ ಪಾರ್ವತಿಬಾಯಿಗೂ ಒಂದು ಮುದ್ದೆ ಹೋಯಿತು. ಮರಾಠಿ ಮನೆಮಾತಿನ ಆ ತಾಯಿ ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡು, “ನುಂಗೂದ ಹ್ಯಾಂಗಂತ ಕಲಸ್ರಿ ಮೊದಲ” ಎಂದು ನಕ್ಕರು.

ಇಂಥ ದಿನಗಳಲ್ಲಿ ಒಂದು ಬೆಳಿಗ್ಗೆ ನಮ್ಮ ಕಾರ್ಖಾನೆಗೆ ಮರದ ಪೆಟ್ಟಿಗೆಗಳು ಬಂದವು. ಒಳಗೆ ಗಾಜಿನ ಎಂಟು ಹಲಗೆ. ಬಿಸಿಲು ಬಿದ್ದರೆ ಅವುಗಳಿಂದ ಕರೆಂಟ್ ಬರುತ್ತದೆ, ಅದಕ್ಕೆ ಹೊಂದುವ ಚಿಕ್ಕ ಪಂಪು ನಾವು ಮಾಡಬೇಕು. ಪಂಪೇನೋ ಆಯಿತು. ಆದರೆ ಸುತ್ತಲಿನ ಎರಕದ ಕಾರ್ಖಾನೆಗಳ ಮಸಿ ಗಂಟೆಗೊಮ್ಮೆ ಗಾಜಿನ ಮೇಲೆ ಕೂರುತ್ತಿತ್ತು. ಮಾಲೀಕರು, “ನಿಮ್ಮ ಖಾನಾಪುರದಾಗ ಬಾಂವಿ ಐತಿ, ಲೈಟ್ ಇಲ್ಲ. ಒಂದ ವರ್ಷ ಅಲ್ಲೇ ಹಚ್ಚಿ ನೋಡ್ರಿ” ಎಂದರು.

ನಮ್ಮ ಹಿತ್ತಲಿನ ಬಾವಿ ಮೂವತ್ತಡಿಗಿಂತ ಆಳ. ಮೇಲಿನ ಅರ್ಧಕ್ಕೆ ಕಲ್ಲು ಕಟ್ಟಿತ್ತು. ಕೆಳಗೆ ಬರೀ ಮಣ್ಣು, ಬಂಡೆ. ಎರಡಾಳು ಆಳದಲ್ಲಿ ಒಂದು ಕಟ್ಟೆ, ಅದರ ಮೇಲೆ ಯಜಮಾನರ ಕರೆಂಟ್ ಪಂಪು. ಹೊಸ ಪಂಪನ್ನೂ ಅದರ ಪಕ್ಕದಲ್ಲೇ ಕೂರಿಸಬೇಕಿತ್ತು. ಗೋಡೆಯಿಂದ ಚಾಚಿಕೊಂಡ ಕಲ್ಲುಗಳೇ ಮೆಟ್ಟಿಲು. ನಾನು ಮೊದಲ ಕಲ್ಲಿನ ಮೇಲೆ ಕಾಲಿಟ್ಟೆ. ಎರಡನೆಯದಕ್ಕೆ ಕಾಲು ಹೋಗಲಿಲ್ಲ. ಇಮಾಮಸಾಬ ನೋಡುತ್ತಿದ್ದ. ನನ್ನ ಕೈಯಿಂದ ತಿರುಪು ಬಿಗಿಯುವ ಪಾನಾ ತೆಗೆದುಕೊಂಡು, “ನೀವು ಮ್ಯಾಲ ನಿಂತ ಹೇಳ್ರಿ, ನಾ ಬಿಗೀತೇನಿ” ಎಂದು ಇಳಿದ. ನಾನು ಹೇಳಿದೆ, ಅವನು ಬಿಗಿದ. ಬಾವಿಗೆ ಇಳಿಯಲಾರದ ಪಂಪು ಮಿಸ್ತ್ರಿ ಎಂದು ಅವನು ಊರಿನಲ್ಲಿ ಯಾರಿಗೂ ಹೇಳಲಿಲ್ಲ.

ಹಲಗೆಗಳನ್ನು ಹಿತ್ತಲಿನ ಬಯಲಲ್ಲಿ ಓರೆಯಾಗಿ ನಿಲ್ಲಿಸಿದೆವು. ಶಿವಪುತ್ರಪ್ಪನವರು ಸುತ್ತು ಹಾಕಿ ನೋಡಿ, “ಈ ಕನ್ನಡ್ಯಾಗ ಬಿಸಲ ಹಿಡದ್ರ ನೀರ ಬರ್ತೈತಿ?” ಎಂದು ತುಟಿ ಸೊಟ್ಟಗೆ ಮಾಡಿದರು. ಹತ್ತು ಗಂಟೆಗೆ ಕರೆಂಟ್ ಹೋಯಿತು. ನಾನು ಸ್ವಿಚ್ ಹಾಕಿದೆ. ಬಾವಿಯೊಳಗೆ ಜೇನುಹುಳದಂಥ ಸದ್ದು. ಪೈಪು ಎರಡು ಸಲ ಕೆಮ್ಮಿ, ಹೆಬ್ಬೆರಳು ಗಾತ್ರದ ನೀರು ತೊಟ್ಟಿಗೆ ಬಿತ್ತು. ಪಾರ್ವತಿಬಾಯಿ ಕೊಡ ಹಿಡಿದುಕೊಂಡೇ ಓಡಿ ಬಂದರು. “ಅಗಂ ಬಾಯಿ! ಖರೇನ ಬರಾಕತ್ತೈತಲ್ಲ!”

ಆ ಬೀದಿಯಲ್ಲಿ ನಾನು ಹೊರಗಿನವನಾಗಿ ಉಳಿಯದಿದ್ದುದು ಅಂದಿನಿಂದ. ಕರೆಂಟ್ ಹೋದ ಕೂಡಲೆ ಕೊಡಗಳು ನಮ್ಮ ಹಿತ್ತಲಿಗೆ ಬರುತ್ತಿದ್ದವು. ಕೊಡದ ಜೊತೆ ಮಾತು, ಮಾತಿನ ಜೊತೆ ಉಪ್ಪಿನಕಾಯಿ. ಹಬ್ಬದ ಹೋಳಿಗೆ ಮೂರು ಮನೆಗಳಿಂದ ಬಂತು. ಎರಡು ಬೇಸಿಗೆ ಹೀಗೆ ನಡೆಯಿತು. ಒಂದು ವರ್ಷದ ಪರೀಕ್ಷೆ ಎಂದದ್ದನ್ನು ಮಾಲೀಕರೂ ಮರೆತಿದ್ದರು. ಆದರೆ ಬಿಸಿಲು ಮುಗಿಯುವವರೆಗೆ ಪಂಪು ಎಳೆಯುತ್ತಿತ್ತು, ಬೀದಿಯೆಲ್ಲ ತುಂಬಿಕೊಳ್ಳುತ್ತಿತ್ತು. ಮೂರನೆಯ ಬೇಸಿಗೆಯ ಹೊತ್ತಿಗೆ ಬಾವಿಯ ತಳ ಕಂಡಿತು. ಇನ್ನೂ ನಾಲ್ಕಡಿ ಆಳ ಮಾಡಿಸೋಣ ಎಂದು ಯಜಮಾನರು ಇಮಾಮಸಾಬನಿಗೆ ಹೇಳಿದರು. ಆಮೇಲೆ ಆದದ್ದರಲ್ಲಿ ನನ್ನ ಪಾಲು ಎಷ್ಟು ಎಂದು ಯೋಚಿಸುವಾಗಲೆಲ್ಲ ಇಲ್ಲಿಂದಲೇ ಆರಂಭಿಸುತ್ತೇನೆ.

ಮೇ ತಿಂಗಳು, ನನಗೆ ರಜೆಯ ದಿನ, ತೋಡುವ ಕೆಲಸದ ಮೂರನೆಯ ದಿನ. ಬೆಳಿಗ್ಗೆ ಕರೆಂಟ್ ಪಂಪಿನಿಂದ ಬಾವಿ ಖಾಲಿ ಮಾಡಿಕೊಂಡು ಇಮಾಮಸಾಬ ತಳಕ್ಕೆ ಇಳಿದಿದ್ದ. ಅವನ ಅಣ್ಣ ಕಾಸೀಮ ಮೇಲೆ ನಿಂತು ಬುಟ್ಟಿಯಲ್ಲಿ ಮಣ್ಣು ಎಳೆಯುತ್ತಿದ್ದ. ಹನ್ನೆರಡರ ಸುಮಾರಿಗೆ ಕೆಳಗಿನಿಂದ ಕೂಗು ಬಂತು. “ಸೆಲಿ ಬಿತ್ತು! ಸಾವಕಾರ್ರ, ದೊಡ್ಡ ಸೆಲಿ ಬಿತ್ತು!” ನೀರಿನ ಸೆಲೆ ಸಿಕ್ಕಿತ್ತು. ಶಿವಪುತ್ರಪ್ಪನವರು ಬೆಲ್ಲ ತರಲು ಒಳಗೆ ಓಡಿದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಮಾಮಸಾಬ ಮೇಲೆ ಬರಲು ಹಗ್ಗ ಹಿಡಿದ. ಆಗ ಸೆಲೆಯ ಮಗ್ಗುಲಿನ ಮಣ್ಣು ಕುಸಿದು, ಅದರೊಳಗಿನ ಬಂಡೆ ಜಾರಿತು.

ಕಿರುಚಾಟ ಒಂದೇ ಸಲ. ಆಮೇಲೆ ತುಂಬ ಮೆಲ್ಲಗೆ, “ಭಾಯಿ... ಪಾಂವ್.” ಅಣ್ಣಾ, ಕಾಲು.

ನಾವು ಇಣುಕಿ ನೋಡಿದೆವು. ಅವನು ಕೂತ ಭಂಗಿಯಲ್ಲಿದ್ದ. ಎಡಗಾಲು ಮೊಣಕಾಲಿನ ಕೆಳಗೆ ಬಂಡೆಯಡಿ ಸಿಕ್ಕಿಕೊಂಡಿತ್ತು. ನೀರು ಆಗಲೇ ಅವನ ತೊಡೆ ಮುಳುಗಿಸಿತ್ತು.

ಕಾಸೀಮ ಇಳಿದು ಹಾರೆ ಹಾಕಿ ಮೀಟಿದ. ಬಂಡೆ ಅಲುಗಲಿಲ್ಲ. ಮೇಲೆ ಬಂದು, “ಚೈನ್ ಪುಲ್ಲಿ ಬೇಕ್ರಿ. ಲಾಕಡಿ ಡೆಪೋದಾಗ ಐತಿ” ಎಂದವನೇ ಸೈಕಲ್ ಹತ್ತಿದ. ಲಾಕಡಿ ಎಂದರೆ ಮರದ ದಿಮ್ಮಿ. ದಿಮ್ಮಿ ಎತ್ತುವ ಸರಪಳಿ ರಾಟೆ ಅಲ್ಲಿತ್ತು. ಅದನ್ನು ಬಿಚ್ಚಿ, ಗಾಡಿಯ ಮೇಲೆ ಹೇರಿ ತರಲು ಕಡಿಮೆಯೆಂದರೂ ಎರಡು ಗಂಟೆ. ಯಜಮಾನರು ಒಬ್ಬರನ್ನು ಕರೆಂಟ್ ಕಚೇರಿಗೆ, ಇನ್ನೊಬ್ಬರನ್ನು ಡೀಸೆಲ್ ಎಂಜಿನ್ ತರಲು ನಂದಗಡದ ಕಡೆಗೆ ಓಡಿಸಿದರು. ಹಗ್ಗಕ್ಕೆ ಕೊಡ ಕಟ್ಟಿ ಇಬ್ಬರು ನೀರು ಸೇದಲು ನಿಂತರು. ನೀರು ಏರುತ್ತಲೇ ಇತ್ತು.

“ಸ್ವಾಮ್ಯಾರ, ನಿಮ್ಮ ಬಿಸಲ ಪಂಪು?” ಎಂದರು ಶಿವಪುತ್ರಪ್ಪ.

ಅದರ ಹೀರು ಪೈಪನ್ನು ತೋಡುವ ಕೆಲಸಕ್ಕೆ ಅಡ್ಡಿಯೆಂದು ಮೇಲಕ್ಕೆ ಎಳೆದು ಕಟ್ಟಿದ್ದೆವು. ಪಂಪಿನೊಳಗೆ ಈಗ ಬರೀ ಗಾಳಿ. ಯಾರಾದರೂ ಕಟ್ಟೆಗೆ ಇಳಿದು, ಪೈಪು ಕೆಳಕ್ಕೆ ಬಿಟ್ಟು, ಪಂಪಿನ ಬಾಯಿಗೆ ನೀರು ತುಂಬಿ, ಗಾಳಿ ತೆಗೆದು, ತಿರುಪು ಬಿಗಿಯಬೇಕು. ಆ ಕೆಲಸ ಗೊತ್ತಿದ್ದವರು ಊರಿಗೆಲ್ಲ ಇಬ್ಬರೇ. ಒಬ್ಬ ಬಂಡೆಯ ಕೆಳಗಿದ್ದ.

ನಾನು ಹೇಗೆ ಇಳಿದೆ ಎಂದು ರತ್ನ ಬಹಳ ಸಲ ಕೇಳಿದ್ದಾಳೆ. ಧೈರ್ಯದಿಂದ ಇಳಿಯಲಿಲ್ಲ. ಗೋಡೆಗೆ ಮುಖ ಒತ್ತಿ, ಕಣ್ಣು ಮುಚ್ಚಿ, ಕಾಲಿನಿಂದ ಕಲ್ಲು ತಡಕುತ್ತಾ, ಬಾಯಿಗೆ ಬಂದ ದೇವರನ್ನೆಲ್ಲ ತೆಲುಗಿನಲ್ಲಿ ಕರೆಯುತ್ತಾ ಇಳಿದೆ. ಕಟ್ಟೆ ಸಿಕ್ಕಾಗ ಅದರ ಮೇಲೆ ಅಂಗಾತ ಮಲಗಿಬಿಟ್ಟೆ. ಮೇಲೆ ತಟ್ಟೆಯಷ್ಟು ಆಕಾಶ.

ಕೆಳಗಿನಿಂದ ಇಮಾಮಸಾಬನ ದನಿ ಬಂತು. “ಯಾರ್ರಿ? ಸ್ವಾಮ್ಯಾರಾ? ನೀವು ಇಳದ್ರೇನು?”

“ಹೂಂ. ಪೈಪು ಬಿಡ್ತೀನಿ. ಅದರ ತುದಿ ನೀರಲ್ಲೇ ಮುಳುಗಿಸಿ ಹಿಡ್ಕೋ. ಬಿಡಬೇಡ.”

“ಬಿಡಾಂಗಿಲ್ಲ.”

ಮೇಲಿನಿಂದ ರತ್ನ ಕೊಡದಲ್ಲಿ ನೀರು ಇಳಿಸಿದಳು. ಪಂಪಿನ ಬಾಯಿಗೆ ಸುರಿದೆ. ಅರ್ಧ ಹೊರಗೆ ಚೆಲ್ಲಿತು. ಇನ್ನೊಂದು ಕೊಡ. ಗುಳ್ಳೆಗಳು ನಿಂತ ಮೇಲೆ ತಿರುಪು ಬಿಗಿದು ಕೂಗಿದೆ. ರತ್ನ ಸ್ವಿಚ್ ಹಾಕಿದಳು. ಪಂಪು ಗುಂಯ್ ಎಂದಿತು, ಒಂದು ಕ್ಷಣ ಸುಮ್ಮನೆ ತಿರುಗಿತು, ಆಮೇಲೆ ಭಾರ ಹಿಡಿದ ಸದ್ದು. ಮೇಲೆ ಪಾರ್ವತಿಬಾಯಿ “ಬಂತು! ಬಂತು!” ಎಂದರು. ನಾನು ಅತ್ತೆ.

ನೀರು ಇಮಾಮಸಾಬನ ಎದೆಯ ಕೆಳಗೆ ನಿಂತಿತು. ಇಳಿಯಲಿಲ್ಲ, ಏರಲೂ ಇಲ್ಲ. ಸೆಲೆ ಕೊಡುವಷ್ಟನ್ನು ಪಂಪೂ ಕೊಡಗಳೂ ಸೇರಿ ಎತ್ತುತ್ತಿದ್ದವು. ಆ ಸಮ ತೂಕದ ಮೇಲೆ ಒಂದು ಜೀವ ಕೂತಿತ್ತು.

ಒಂದೂವರೆಯ ಸುಮಾರಿಗೆ ಪಂಪಿನ ಸದ್ದು ಇಳಿಯತೊಡಗಿತು. ಕೆಳಗಿದ್ದವನಿಗೂ ಕೇಳಿಸಿತು. “ಆವಾಜ್ ಸಣ್ಣ ಆತಲ್ರಿ?”

“ಏನಿಲ್ಲ, ಸರಿ ಇದೆ” ಎಂದೆ. ಮೇಲೆ ನೋಡಿ, “ಹಲಗೆ ಮೇಲೆ ಏನಾದ್ರೂ ನೆರಳು ಬಿದ್ದಿದೆಯಾ?” ಎಂದು ಕೂಗಿದೆ.

ಆ ವರ್ಷ ಚಾಚಿ ಬೆಳೆದಿದ್ದ ಮಾವಿನ ಟೊಂಗೆಯ ನೆರಳು ಹಲಗೆಗಳ ಅಂಚಿಗೆ ಬಂದಿತ್ತು. ಎಂಟೂ ಹಲಗೆ ಒಂದೇ ಸಾಲಿನಲ್ಲಿ ಜೋಡಿಸಿದ್ದು. ಒಂದರ ಮೇಲೆ ನೆರಳು ಬಿದ್ದರೂ ಉಳಿದ ಏಳರ ಕರೆಂಟು ಅಲ್ಲೇ ತಡೆಯುತ್ತದೆ. ಅವನ್ನು ಆಚೆ ಎಳೆಯೋಣ ಎಂದರೆ ತಂತಿ ಸಾಲದು. ಬಿಚ್ಚಿ ಬೇರೆ ತಂತಿ ಸೇರಿಸಲು ನಾನು ಮೇಲೆ ಹೋಗಬೇಕು, ಅಷ್ಟು ಹೊತ್ತು ಪಂಪು ನಿಲ್ಲಬೇಕು. ಇದನ್ನೆಲ್ಲ ನಾನು ಕಟ್ಟೆಯ ಮೇಲಿನಿಂದ ಅರಚುತ್ತಾ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕೊಡಲಿಯ ಏಟು ಕೇಳಿಸಿತು.

ಯಾರು ಎಂದು ಆಮೇಲೆ ತಿಳಿಯಿತು. ಶಿವಪುತ್ರಪ್ಪನವರು ಧೋತರ ಮೇಲೆ ಕಟ್ಟಿ, ಆ ವಯಸ್ಸಿನಲ್ಲಿ, ಏಣಿ ಹತ್ತಿದ್ದರು. ಬೇರೆಯವರು ಕೊಡಲಿ ಕೇಳಿದರೆ, “ನಾನ ಕಡೀತೇನಿ, ಸರೀರಿ” ಎಂದರಂತೆ. ಹಲಗೆಗಳ ಕಡೆಗೆ ಚಾಚಿದ್ದ ದೊಡ್ಡ ಟೊಂಗೆ, ಹಣ್ಣಿಗೆ ಬಂದ ಕಾಯಿಗಳ ಸಮೇತ ನೆಲಕ್ಕೆ ಬಿತ್ತು. ಪಂಪಿನ ಸದ್ದು ಮತ್ತೆ ಏರಿತು. ಪಾರ್ವತಿಬಾಯಿ, ರತ್ನ ಮತ್ತು ಬೀದಿಯ ಹೆಂಗಸರು ಹಲಗೆಗಳ ಚೌಕಟ್ಟನ್ನು ಇದ್ದಲ್ಲೇ ಎತ್ತಿ ಹಿಡಿದು ಸೂರ್ಯ ಸರಿದಂತೆ ತಿರುಗಿಸುತ್ತಾ ನಿಂತರು. ಕಬ್ಬಿಣ ಕಾದು ಅಂಗೈ ಸುಡುತ್ತಿತ್ತು. ಸೆರಗು ಸುತ್ತಿ ಹಿಡಿದುಕೊಂಡಿದ್ದರಂತೆ.

ಕೆಳಗೆ ಇಮಾಮಸಾಬ ನಡುಗತೊಡಗಿದ್ದ. ಮೇ ತಿಂಗಳಾದರೂ ಸೆಲೆಯ ನೀರು ತಣ್ಣಗೆ. ಅವನು ನಿದ್ದೆಗೆ ಜಾರದಂತೆ ನಾನು ಮಾತಾಡುತ್ತಲೇ ಇರಬೇಕಿತ್ತು. ಮಾತು ಮುಗಿದು ಹೋದಾಗ, “ದಖನಿಯಲ್ಲಿ ಹೆದರಬೇಡ ಅನ್ನೋದಕ್ಕೆ ಏನಂತೀರಿ?” ಎಂದೆ.

“ಡರೊ ನಕ್ಕೊ.”

“ಹಾಗಾದ್ರೆ ಡರೊ ನಕ್ಕೊ.”

ಅವನು ನಗಲು ನೋಡಿದ. “ಅದನ್ನ ನೀವ ನಿಮಗ ಹೇಳ್ಕೋರಿ. ನಿಮ್ಮ ಹಲ್ಲ ಕಡಿಯೂದು ಇಲ್ಲೀ ಮಟಾ ಕೇಳ್ತೈತಿ.”

ಎರಡೂವರೆಯಾಗಿರಬೇಕು. ಮೇಲೆ ಗಾಡಿಯ ಸದ್ದು, ಗದ್ದಲ. ಡೆಪೋದ ನಾಲ್ಕು ಜನ ಬಾವಿಯ ಬಾಯಿಗೆ ಮೂರು ದಿಮ್ಮಿ ನಿಲ್ಲಿಸಿ ತುದಿ ಕಟ್ಟಿದರು. ಸರಪಳಿ ಇಳಿಯಿತು. ಅದರ ಹಿಂದೆ ಕಾಸೀಮ ನನ್ನ ಭುಜ ದಾಟಿ ತಳಕ್ಕೆ ಹೋದ. ಬಂಡೆಗೆ ಸರಪಳಿ ಸುತ್ತಲು ನೀರಿನೊಳಗೆ ಮುಳುಗಿ ತಡಕಬೇಕು. ಒಂದು ಸಲ ಜಾರಿತು. ಎರಡನೆಯ ಸಲ ಸುತ್ತುತ್ತಿರುವಾಗ ನನ್ನ ಮೇಲಿನ ತಟ್ಟೆಯಾಕಾಶ ಬೂದಿಬಣ್ಣಕ್ಕೆ ತಿರುಗಿತು.

ಪಡುವಣದಿಂದ ಮೋಡ ಬಂದಿತ್ತು. ಮುಂಗಾರಿಗೆ ಮೊದಲಿನ ಗುಡುಗು ಮಳೆಯ ಮೋಡ. ಆ ಊರಿನವರು ಬೇಸಿಗೆಯೆಲ್ಲ ಅದಕ್ಕೇ ಕಾಯುತ್ತಾರೆ. ಪಂಪು ತೊದಲಿತು. ಗುಂಯ್ ಎನ್ನುವುದು ಹೋಗಿ ಗರ್, ಗರ್ ಎಂದಿತು. ನಿಂತಿತು.

ಪಂಪು ನಿಂತಾಗಿನ ಮೌನ ಎಂಥದು ಎಂದು ಅಪ್ಪ ಯಾವತ್ತೂ ಹೇಳಿರಲಿಲ್ಲ. ಅದರೊಳಗೆ ಸೆಲೆಯ ಸದ್ದು ಕೇಳುತ್ತದೆ. ಗುಳುಗುಳು ಎಂದು, ಸಂತೋಷದಿಂದ ಇದ್ದ ಹಾಗೆ.

ನೀರು ಇಮಾಮಸಾಬನ ಭುಜಕ್ಕೆ ಬಂತು. ಅವನು ಪೈಪಿನ ತುದಿಯನ್ನು ಇನ್ನೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ. “ಬಿಡು ಅದನ್ನ, ಗೋಡೆ ಹಿಡ್ಕೋ” ಎಂದು ಕೂಗಿದೆ. ಕುತ್ತಿಗೆ. ಅವನು ಗದ್ದ ಮೇಲಕ್ಕೆತ್ತಿದ. ಕಾಸೀಮ ನೀರಿನಿಂದ ಎದ್ದು, ಉಸಿರು ಹಿಡಿಯಲಾರದೆ, ಕೈಯಷ್ಟೇ ಮೇಲೆತ್ತಿ ಆಡಿಸಿದ. ಮೇಲಿನವರಿಗೆ ಅದು ಕಾಣದು. ನನಗೆ ಕಂಡಿತು. “ಎಳೀರಿ!” ಎಂದು ಕಿರುಚಿದೆ. ಎಳೆಯಿರಿ ಎಂದೆನೋ, ಜಗ್ಗ್ರಿ ಎಂದೆನೋ, ತೆಲುಗಿನಲ್ಲಿ ಲಾಗಂಡಿ ಎಂದೆನೋ. ಎಲ್ಲವನ್ನೂ ಕೂಗಿದೆ. ಸರಪಳಿ ಕಟಕಟ ಎಂದು ಬಿಗಿಯಿತು. ದಿಮ್ಮಿಗಳು ನರಳಿದವು. ಇಮಾಮಸಾಬನ ಮುಖ ನೀರಿನೊಳಕ್ಕೆ ಹೋಯಿತು. ಕಾಸೀಮ ಅವನ ಕೂದಲು ಹಿಡಿದ. ಬಂಡೆ ಒಂದು ಗೇಣು ಎದ್ದಿರಬೇಕು, ಅಷ್ಟೇ. ಕಾಲು ಬಿಡಿಸಿಕೊಂಡಿತು.

ಅವನನ್ನು ಹಗ್ಗದ ಜೋಳಿಗೆಯಲ್ಲಿ ಎಳೆದು ಮೇಲೆ ಹಾಕಿದ ಸ್ವಲ್ಪ ಹೊತ್ತಿಗೆ ಮಳೆ ಬಂತು. ಡೀಸೆಲ್ ಎಂಜಿನ್ ಆಮೇಲೆ ಎತ್ತಿನ ಗಾಡಿಯಲ್ಲಿ ಬಂತು. ಕರೆಂಟ್ ಬಂದದ್ದು ಮಾರನೆಯ ದಿನ. ನನಗೆ ಕಟ್ಟೆಯಿಂದ ಏಳಲಾಗುತ್ತಿರಲಿಲ್ಲ. ಶಿವಪುತ್ರಪ್ಪನವರು ಮಳೆಯಲ್ಲಿ ಬಾವಿಯ ದಂಡೆಗೆ ಬೋರಲು ಮಲಗಿ, ಕೈ ಕೆಳಗೆ ಚಾಚಿ, “ಒಂದ ಕಲ್ಲ ಹತ್ರಿ. ಹಾಂ. ಇನ್ನೊಂದ. ನಾ ಅದೇನಿ” ಎನ್ನುತ್ತಾ ಒಂದೊಂದೇ ಹೆಜ್ಜೆ ಹತ್ತಿಸಿದರು. ಮೇಲೆ ಬಂದಾಗ ಅವರ ಬಿಳಿ ಅಂಗಿಯೆಲ್ಲ ಮಾವಿನ ಸೊನೆ.

ಇಮಾಮಸಾಬ ಬೆಳಗಾವಿಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದ. ಕಾಲು ಉಳಿಯಿತು, ಆದರೆ ಮಡಚಲು ಬರಲಿಲ್ಲ. ಮತ್ತೆ ಬಾವಿಗೆ ಇಳಿಯಲಿಲ್ಲ. ಶಿವಪುತ್ರಪ್ಪನವರು ಅವನನ್ನು ತಮ್ಮ ಬೆಲ್ಲದ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕೂರಿಸಿದರು. ನೋಡಲು ಹೋದಾಗಲೆಲ್ಲ ನಗುತ್ತಿದ್ದ. ಒಂದು ಸಲ ಮಾತ್ರ, ಗಿರಾಕಿಗಳಿಲ್ಲದಾಗ, “ಕುಂತ ದಗದ ಮಾಡೂದು ಅಂದ್ರ ಮೈಗೆ ಹುಳ ಹತ್ತಿದಂಗ ಆಗ್ತೈತ್ರಿ” ಎಂದ. ಬಾವಿಯಲ್ಲಿ ಆಮೇಲೆ ಯಾವ ಬೇಸಿಗೆಯಲ್ಲೂ ನೀರು ಬತ್ತಲಿಲ್ಲ. ಬೀದಿಯವರು ಅದನ್ನು ಹೊಗಳಿದಾಗಲೆಲ್ಲ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ. ಮರುವರ್ಷ ಮಾಲೀಕರು ಹಲಗೆಗಳನ್ನು ವಾಪಸ್ ತರಿಸಿಕೊಂಡರು. ಅಷ್ಟು ದುಬಾರಿ ಸಾಮಾನು ರೈತರು ಯಾರು ಕೊಳ್ಳುತ್ತಾರೆ ಎಂದು ಆ ಕೆಲಸವನ್ನೇ ಕೈಬಿಟ್ಟರು. ಅವು ನಿಂತಿದ್ದ ಜಾಗದಲ್ಲಿ ಪಾರ್ವತಿಬಾಯಿ ಮೆಣಸಿನಕಾಯಿ ಒಣಗಿಸತೊಡಗಿದರು.

ನಮಗೆ ಮಗಳು ಹುಟ್ಟಿದ್ದು ಆ ವರ್ಷ. ರತ್ನಳಿಗಿಂತ ಹೆಚ್ಚು ಹೊತ್ತು ಅವಳು ಪಾರ್ವತಿಬಾಯಿಯ ಕಂಕುಳಲ್ಲೇ ಬೆಳೆದಳು. ಮೊದಲು ಕಲಿತ ಮಾತು ಮರಾಠಿ. ಮೂರು ವರ್ಷವಾದಾಗ ಅವಳನ್ನು ಗಣಿಯ ಊರಿಗೆ ಕರೆದುಕೊಂಡು ಹೋದೆವು. ಎರಡು ರೈಲು ಬದಲಿಸಿ, ಒಂದೂವರೆ ದಿನದ ಪಯಣ. ಅಮ್ಮ ಬಾಗಿಲಲ್ಲೇ ಅವಳನ್ನು ಎತ್ತಿಕೊಂಡು, ಮುಖವೆಲ್ಲ ಮುದ್ದಿಸಿ, ತೆಲುಗಿನಲ್ಲಿ ಏನೇನೋ ಕೇಳಿದರು. ಮಗು ಕಣ್ಣರಳಿಸಿ ಆ ಹೊಸ ಮುಖವನ್ನೂ, ಗೋಡೆಗೆ ಗೋಡೆ ಅಂಟಿಕೊಂಡ ನಮ್ಮ ಸಾಲುಮನೆಗಳನ್ನೂ ನೋಡಿತು. ಆಮೇಲೆ ನನ್ನ ಕಡೆಗೆ ಎರಡೂ ಕೈ ಚಾಚಿ ಅಳುತ್ತಾ ಹೇಳಿತು, “ಮಲಾ ಘರೀ ಜಾಯಚಂಯ್.”

ನನಗೆ ಮನೆಗೆ ಹೋಗಬೇಕು.

“ಏನಂತಾಳೋ?” ಎಂದು ಅಮ್ಮ ಕೇಳಿದರು. ಅವರ ಮುಖದಲ್ಲಿ ಮೂರು ವರ್ಷ ಕಾದ ಸಂತೋಷವಿತ್ತು. ರತ್ನ ತಲೆ ತಗ್ಗಿಸಿದಳು.

“ನೀರು ಕೇಳ್ತಿದ್ದಾಳಮ್ಮ” ಎಂದೆ.

ಅಮ್ಮ ಓಡಿ ಹೋಗಿ ಬೆಳ್ಳಿ ಲೋಟ ಹುಡುಕಿ, ತೊಳೆದು, ತುಂಬಿ ತಂದರು. ಮಗು ಬಿಕ್ಕುತ್ತಲೇ ಎರಡು ಗುಟುಕು ಕುಡಿಯಿತು. “ನೋಡು, ಪಾಪ, ಎಷ್ಟು ಬಾಯಾರಿತ್ತು” ಎಂದು ಅಮ್ಮ ಸೆರಗಿನಿಂದ ಅದರ ಬಾಯಿ ಒರೆಸಿದರು. ನಾನು ಹೌದು ಎಂದೆ.